ಡೈರಿಯಲ್ಲಿ ಕೂತ ಹುಡುಗಿ

ಆ ಮನೆಯಲ್ಲಿ ಸಂಜೆ ನಾಲ್ಕಕ್ಕೆ ಹೊಲಿಗೆ ಯಂತ್ರ ನಿಲ್ಲುತ್ತಿತ್ತು. ಎಂಥ ಅವಸರದ ಬಟ್ಟೆಯಿರಲಿ, ಗಿರಾಕಿ ಎದುರಿಗೇ ಕೂತು ಗಡಿಯಾರ ನೋಡುತ್ತಿರಲಿ, ಹೊಲಿಗೆಯವಳು ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು ಎದ್ದು ಬಾಗಿಲಿಗೆ ಹೋಗುತ್ತಿದ್ದಳು. ಬೀದಿಯ ತಿರುವಿನಲ್ಲಿ ಮೊದಲು ಮಾವನ ಊರುಗೋಲು ಕಾಣುತ್ತಿತ್ತು, ಆಮೇಲೆ ಮಾವ, ಆಮೇಲೆ ಅವರ ಕೈ ಹಿಡಿಯದೆ ಅಂಗಿಯ ಅಂಚನ್ನು ಮಾತ್ರ ಹಿಡಿದುಕೊಂಡ ಎಂಟು ವರ್ಷದ ಮಗಳು. ಮಗಳ ಚೀಲದಲ್ಲಿ ಶಾಲೆಯ ಡೈರಿ ಇರುತ್ತಿತ್ತು. ಹೊಲಿಗೆಯವಳು ಮಗಳ ಚಪ್ಪಲಿ ಬಿಚ್ಚುವ ಮೊದಲು ಡೈರಿ ಬಿಚ್ಚುತ್ತಿದ್ದಳು.

"ಮಗು ಉಸಿರಾದ್ರೂ ಬಿಡ್ಲಿ ತಾಯಿ," ಎನ್ನುತ್ತಿದ್ದರು ಮಾವ. "ಡೈರಿ ಎಲ್ಲಿಗೂ ಓಡಿಹೋಗಲ್ಲ."

"ಅವಳೇ ಬಾಯಿಬಿಟ್ಟು ಹೇಳೋ ಹಾಗಿದ್ರೆ ನನಗ್ಯಾಕೆ ಡೈರಿ ಬೇಕಿತ್ತು ಮಾವ?"

ಮಗಳನ್ನು ಮನೆಯವರೆಲ್ಲ ಗಿಲಕಿ ಎಂದು ಕರೆಯುತ್ತಿದ್ದರು. ಕೂಸಾಗಿದ್ದಾಗ ಎರಡೂ ಕೈಗಳನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿದ್ದಳೆಂದು ಮಾವನೇ ಇಟ್ಟ ಹೆಸರು. ಆಗ ಅದನ್ನು ಆಟವೆಂದುಕೊಂಡು ಎಲ್ಲರೂ ನಕ್ಕಿದ್ದರು. ಮೂರು ತುಂಬಿದರೂ ಕರೆದರೆ ತಿರುಗಿ ನೋಡದೆ, ಅನ್ನ, ಆಲೂಗಡ್ಡೆ, ಮೊಟ್ಟೆಯ ಬಿಳಿಭಾಗ ಇವಿಷ್ಟನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಸೇರಿಸದೆ, ಪ್ರೆಶರ್ ಕುಕ್ಕರು ಕೂಗಿದರೆ ಗೋಡೆಗೆ ತಲೆ ಬಡಿದುಕೊಳ್ಳತೊಡಗಿದಾಗ ಪೇಟೆಯ ಡಾಕ್ಟರು ಆಟಿಸಂ ಎಂದರು. ಅಂದಿನಿಂದ ಆ ಮನೆಯಲ್ಲಿ ಕುಕ್ಕರು ಇಲ್ಲ. ಬೇಳೆ ಬೇಯುವುದಕ್ಕೆ ತೆರೆದ ಪಾತ್ರೆಯಲ್ಲಿ ಒಂದು ಗಂಟೆ.

ಗಿಲಕಿ ಮಾತಾಡುವುದಿಲ್ಲವೆಂದಲ್ಲ. ತನ್ನ ಮಾತು ಆಡುತ್ತಿರಲಿಲ್ಲ, ಕಿವಿಗೆ ಬಿದ್ದ ಮಾತನ್ನು ಬಿದ್ದ ಹಾಗೇ ಎತ್ತಿ ಇಡುತ್ತಿದ್ದಳು. ಅಮ್ಮನ ಯಂತ್ರದ ಪಕ್ಕವೇ ಬೆಳೆದವಳಾದ್ದರಿಂದ ಹಸಿವಾದಾಗಲೂ "ತೋಳು ಸ್ವಲ್ಪ ಸಡಿಲ ಇರಲಿ," ನಿದ್ದೆ ಬಂದಾಗಲೂ "ಶುಕ್ರವಾರ ಖಂಡಿತ ಕೊಡ್ತೀನಿ." ಒಮ್ಮೆ ಬಾಗಿಲಿಗೆ ಬಂದ ಗಿರಾಕಿಗೇ "ಈಯಮ್ಮಂಗೆ ಎಷ್ಟು ಸಲ ಬಿಚ್ಚಿ ಹೊಲಿಯೋದು" ಎಂದುಬಿಟ್ಟಿದ್ದಳು. ಆ ಗಿರಾಕಿ ಮತ್ತೆ ಬರಲಿಲ್ಲ. ಮಾವ ಮಾತ್ರ ಒಂದು ವಾರ ನಕ್ಕರು.

ಈ ವರ್ಷ ಗಿಲಕಿಯನ್ನು ಶಾಲೆ ಸೇರಿಸಿಕೊಂಡಿತ್ತು. ನೋಡಿಕೊಳ್ಳಲು ಮನೆಯವರೇ ಒಬ್ಬರು ಜೊತೆಗಿರಬೇಕು ಎಂದಿದ್ದರು ದೊಡ್ಡ ಮೇಡಂ. ಗಂಡನ ತಂಗಿ ಅಂಗಡಿಯೊಂದರಲ್ಲಿ ನಿಂತೇ ಕೆಲಸ ಮಾಡಿ ಕಾಲು ಊದಿಸಿಕೊಂಡು ಮನೆಗೆ ಬಂದಿದ್ದಳು. "ನಾನಿರ್ತೀನಿ ಅತ್ತಿಗೆ," ಎಂದಳು. ಶಾಲೆಯವರು ಅವಳಿಗೆ ಸಹಾಯಕಿ ಎಂದು ಹೆಸರು ಕೊಟ್ಟು ಸಂಬಳವನ್ನೂ ಗೊತ್ತುಮಾಡಿದರು. ಹೊಲಿಗೆಯವಳು ಎರಡು ರಾತ್ರಿಯಲ್ಲಿ ಮಗಳಿಗೊಂದು ಬಟ್ಟೆಯ ಪಟ್ಟಿ ಹೊಲಿದಳು. ಮನೆಯಲ್ಲಿ ಇರುವಂಥದ್ದೇ ಇನ್ನೊಂದು. ಉದ್ದಕ್ಕೆ ಎಂಟು ಜೇಬು, ಪ್ರತಿ ಜೇಬಿನಲ್ಲೂ ಒಂದು ಚಿತ್ರ: ಚೀಲ, ಬೆಂಚು, ಕಪ್ಪುಹಲಗೆ, ಪೆನ್ಸಿಲು, ತಟ್ಟೆ, ಗಂಟೆ, ತಾತ, ಮನೆ. ಮುಂದೇನು ಎಂದು ಕಣ್ಣಿಗೆ ಕಂಡರೆ ಗಿಲಕಿಗೆ ಗಾಬರಿಯಿಲ್ಲ. ಒಂದೊಂದು ಮುಗಿದಂತೆ ಚಿತ್ರವನ್ನು ತೆಗೆದು ಜೇಬು ಖಾಲಿ ಮಾಡಬೇಕು, ಅಷ್ಟೆ.

"ಇದನ್ನ ಕ್ಲಾಸಲ್ಲಿ ಅವಳ ಕಣ್ಣಳತೆಗೆ ನೇತು ಹಾಕು. ನಿನ್ನ ಕಣ್ಣಳತೆಗಲ್ಲ," ಎಂದಿದ್ದಳು ನಾದಿನಿಗೆ.

"ನನಗೆ ಅಷ್ಟೂ ಗೊತ್ತಾಗಲ್ವಾ? ನಾನೂ ಅವಳಿಗೆ ಅತ್ತೆ."

ಮೊದಲ ಮೂರು ದಿನ ಡೈರಿ ಖಾಲಿ ಬಂತು. ನಾಲ್ಕನೆಯ ದಿನವೂ ಖಾಲಿ. ಐದನೆಯ ದಿನ ನಾಲ್ಕು ಸಾಲು ಇತ್ತು. "ಬೆಂಚಿನಲ್ಲಿ ಹತ್ತು ನಿಮಿಷ ಕೂತಳು. ಅತ್ತಳು, ಸುಧಾರಿಸಿಕೊಂಡಳು. ಪದ್ಯ ಹೇಳುವಾಗ ಉಳಿದವರ ಜೊತೆ ಚಪ್ಪಾಳೆ ತಟ್ಟಿದಳು." ಹೊಲಿಗೆಯವಳು ಅದನ್ನು ನಿಂತಲ್ಲೇ ಓದಿ, ಯಂತ್ರದ ಮುಂದೆ ಕೂತು ಓದಿ, ಊಟಕ್ಕೆ ಬಡಿಸುವಾಗ ಗಂಡನಿಗೆ ಬಾಯಿಪಾಠವಾಗಿ ಒಪ್ಪಿಸಿದಳು.

ಗಂಡ ವೆಲ್ಡಿಂಗ್ ಶೆಡ್ಡಿನವನು. ಅವನ ಅಂಗಿಗಳ ತುಂಬ ಕಿಡಿ ಬಿದ್ದ ಸಣ್ಣ ತೂತುಗಳು. ತಲೆ ಎತ್ತದೆ ರೊಟ್ಟಿ ಮುರಿಯುತ್ತ, "ಒಳ್ಳೇದಾಯ್ತು ಬಿಡು," ಎಂದ.

"ಇಷ್ಟೇನಾ? ಚಪ್ಪಾಳೆ ತಟ್ಟಿದಾಳೆ ರೀ! ಎಲ್ಲರ ಜೊತೆ!"

"ಕೇಳಿಸ್ತು ಕಣೇ. ಒಳ್ಳೇದಾಯ್ತು ಅಂದ್ನಲ್ಲ."

ಆ ರಾತ್ರಿ ಅವಳಿಗೆ ಬೆಳಗಿನವರೆಗೆ ಎಚ್ಚರವಾಗಲಿಲ್ಲ. ಐದು ವರ್ಷದಲ್ಲಿ ಅದೇ ಮೊದಲು. ಮರುದಿನ ಯಂತ್ರ ತುಳಿಯುತ್ತ ಏನೋ ಗುನುಗಿಕೊಂಡಳು. ಬಚ್ಚಲಿಂದ ಬಂದ ಗಂಡ ಬಾಗಿಲಲ್ಲಿ ನಿಂತು ಕೇಳಿ, ಹೊರಟುಹೋದ.

ಹೀಗೆ ವಾರಗಳು ಕಳೆದವು. ಹತ್ತು ನಿಮಿಷ ಇಪ್ಪತ್ತಾಯಿತು. ಎರಡರ ಮಗ್ಗಿ ಬಂತು. "ಮಳೆ ನೋಡಲು ಕಿಟಕಿಗೆ ಹೋದಳು, ಟೀಚರ್ ಕರೆದಾಗ ತಾನಾಗಿ ಬಂದು ಕೂತಳು" ಎಂಬ ಸಾಲನ್ನು ಅವಳು ಬಟ್ಟೆ ಕೊಡಲು ಬಂದ ಅಕ್ಕಪಕ್ಕದವರಿಗೂ ಓದಿ ಹೇಳಿದಳು.

ಗಿಲಕಿ ಮಾತ್ರ ಪದ್ಯ ಹೇಳಲಿಲ್ಲ, ಮಗ್ಗಿಯನ್ನೂ ಹೇಳಲಿಲ್ಲ. ಸ್ನಾನದ ಹೊತ್ತಿಗೆ, "ಮುಚ್ಚಳ ಮುಚ್ಚು, ನೊಣ ಬೀಳುತ್ತೆ" ಎಂದಳು. ಹಾಸಿಗೆಯಲ್ಲಿ ಹೊರಳುತ್ತ, "ಉಪ್ಪು ಯಾರು ಹಾಕಿದ್ದು? ಎರಡು ಸಲ ಹಾಕಿದೀರಾ ನೋಡಿ." ಒಂದು ಬೆಳಿಗ್ಗೆ ಅಮ್ಮ ಬಾಚಣಿಗೆ ಹಿಡಿದು ಹತ್ತಿರ ಬಂದರೆ, "ಸಾಲಾಗಿ ಬನ್ನಿ, ತಳ್ಳಬೇಡಿ, ಎಲ್ರಿಗೂ ಇದೆ!"

"ಇದೇನು ಇವಳು ಬರೀ ಅಡುಗೆಮನೆ ಮಾತೇ ಆಡ್ತಾಳೆ?" ಎಂದು ನಾದಿನಿಯನ್ನು ಕೇಳಿದಳು.

ನಾದಿನಿ ನೀರು ಕುಡಿಯುತ್ತಿದ್ದಳು. ಲೋಟ ಖಾಲಿಯಾದ ಮೇಲೆ ಹೇಳಿದಳು: "ಊಟದ ಹೊತ್ತಲ್ಲಿ ಕೇಳಿಸ್ಕೊಂಡಿರ್ತಾಳೆ ಅತ್ತಿಗೆ. ಅಲ್ಲಿ ಅಡುಗೆಯವರದ್ದು ದೊಡ್ಡ ಗಂಟಲು."

"ಟೀಚರ್ ಗಂಟಲು ಅಷ್ಟು ಸಣ್ಣದಾ?"

"ಸಣ್ಣದೇ," ಎಂದಳು ನಾದಿನಿ. ಇಬ್ಬರೂ ನಕ್ಕರು.

ಎರಡನೆಯ ತಿಂಗಳಲ್ಲಿ ಪೇಟೆಯ ತರಬೇತಿ ಕೇಂದ್ರದಿಂದ ಕಾಗದ ಬಂತು. ಇಂಥ ಮಕ್ಕಳಿಗೆಂದೇ ಇರುವ ಜಾಗ ಅದು. ಎರಡು ವರ್ಷದ ಹಿಂದೆ ಹೆಸರು ಬರೆಸಿದ್ದು. ಈಗ ಒಂದು ಜಾಗ ಖಾಲಿಯಾಗಿದೆ, ಹತ್ತು ದಿನದೊಳಗೆ ತಿಳಿಸಬೇಕು, ಮೊದಲ ವರ್ಷ ತಾಯಿಯೋ ತಂದೆಯೋ ದಿನವೂ ಜೊತೆಗಿರಬೇಕು. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಎಂದರೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿದ ಹಾಗೇ.

ಊಟಕ್ಕೆ ಕೂತಾಗ ಕಾಗದವನ್ನು ತಟ್ಟೆಗಳ ನಡುವೆ ಇಟ್ಟಳು.

"ಎಲ್ಲರೂ ಹೇಳಿ. ನನಗೆ ತಲೆ ಓಡ್ತಿಲ್ಲ."

ಮಾವ ಕನ್ನಡಕ ಹುಡುಕಿ, ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಮತ್ತೆ ಇಟ್ಟರು. ಹರೆಯದಲ್ಲಿ ಗಾರೆ ಕೆಲಸ ಮಾಡಿದವರು. ಅವರ ಬೆರಳುಗಳು ಈಗಲೂ ಸಿಮೆಂಟು ಹಿಡಿದಂತೆ ಒರಟು. "ನಿನ್ನ ಮಗಳು. ನಿನಗೆ ಸರಿ ಕಂಡಿದ್ದು ಮಾಡು," ಎಂದರು.

"ಶಾಲೇಲಿ ಇಷ್ಟು ಚೆನ್ನಾಗಿ ಹೊಂದ್ಕೊಂಡಿದಾಳೆ. ಕಿತ್ತು ಬೇರೆ ಕಡೆ ನೆಟ್ರೆ ಮತ್ತೆ ಮೊದಲಿಂದ ಅಲ್ವಾ? ನೀನು ಹೇಳು," ಎಂದು ನಾದಿನಿಯತ್ತ ತಿರುಗಿದಳು. "ದಿನಾ ಕಣ್ಣಾರೆ ನೋಡೋಳು ನೀನು."

ನಾದಿನಿ ಗಿಲಕಿಯ ತಟ್ಟೆಯಲ್ಲಿ ಅನ್ನಕ್ಕೆ ತಾಗಿದ ಆಲೂಗಡ್ಡೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದಳು. "ನಾನೇನು ಹೇಳ್ಲಿ ಅತ್ತಿಗೆ. ನಿನ್ನಿಷ್ಟ."

"ನೀವು?"

ಗಂಡ, "ನೀನು ಯೋಚನೆ ಮಾಡಿರ್ತೀಯಲ್ಲ," ಎಂದ.

ಅವಳು ಮೂರು ದಿನ ಯೋಚಿಸಿದಳು. ಐದು ವಾರದ ಡೈರಿಯನ್ನು ಮೊದಲಿಂದ ಓದಿದಳು. ಆಮೇಲೆ ಅದೇ ಊಟದ ಮೇಜಿನ ಮೇಲೆ, ಮಗಳು ಶಾಲೆಯಲ್ಲೇ ಒಳ್ಳೆಯ ಪ್ರಗತಿ ತೋರುತ್ತಿರುವುದರಿಂದ ಆ ಜಾಗವನ್ನು ಹೆಚ್ಚು ಅಗತ್ಯವಿರುವ ಬೇರೆ ಮಗುವಿಗೆ ಕೊಡಬೇಕೆಂದು ದುಂಡಗಿನ ಅಕ್ಷರದಲ್ಲಿ ಬರೆದಳು. ಬೇರೆ ಮಗುವಿನ ಮಾತನ್ನು ಬರೆಯುವಾಗ ಅವಳಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಗಂಡ ಕೆಲಸಕ್ಕೆ ಹೋಗುವಾಗ ಅದನ್ನು ಜೇಬಿಗೆ ಹಾಕಿಕೊಂಡು ಪೋಸ್ಟ್ ಮಾಡಿದ.

ಇದಾಗಿ ಎರಡು ವಾರಕ್ಕೆ ಶಾಲೆಯ ಗುಮಾಸ್ತ ಹೇಳಿ ಕಳಿಸಿದ. ಮೂರನೆಯ ತರಗತಿಯ ಕೋಣೆಗೆ ಮಧ್ಯಾಹ್ನದ ಬಿಸಿಲು ನೇರ ಹೊಡೆದು ಕಪ್ಪುಹಲಗೆ ಕಾಣುವುದಿಲ್ಲ, ನಾಲ್ಕು ಕಿಟಕಿಗೆ ಪರದೆ ಬೇಕು. ಗಿಲಕಿಯದೇ ತರಗತಿ. ಹೊಲಿಗೆಯವಳು ಸೊಂಟಕ್ಕೆ ಟೇಪು ಸುತ್ತಿಕೊಂಡು ಹೊರಟೇಬಿಟ್ಟಳು.

"ನೀನ್ಯಾಕೆ ಬಿಸಿಲಲ್ಲಿ ಬರ್ತೀಯ?" ಎಂದು ನಾದಿನಿ ಅಡ್ಡ ಬಂದಳು. "ನಾನು ಅಲ್ಲೇ ಇರ್ತೀನಲ್ಲ, ಅಳತೆ ತಂದುಕೊಡ್ತೀನಿ."

ತಂದುಕೊಟ್ಟಳು ಕೂಡ. ಚೀಟಿಯಲ್ಲಿ ನಾಲ್ಕು ಕಿಟಕಿಗೂ ಒಂದೇ ಅಳತೆ, ಕೊನೆಗೆ ಕೂಡಿಸಿ ಒಟ್ಟು ಬಟ್ಟೆ.

ಹೊಲಿಗೆಯವಳು ಚೀಟಿ ನೋಡಿ ನಕ್ಕಳು. "ಗಾರೆಯವರ ಮಗಳಾಗಿ ಹೀಗಂತೀಯಲ್ಲೇ! ನಾಲ್ಕು ಕಿಟಕಿ ಒಂದೇ ಅಳತೆ ಎಲ್ಲಾದ್ರೂ ಇರುತ್ತಾ? ನಿಮ್ಮಪ್ಪನ್ನೇ ಕೇಳು."

"ಎರಡು ಬೆರಳು ಹೆಚ್ಚುಕಮ್ಮಿ ಆದ್ರೆ ಯಾರು ನೋಡ್ತಾರೆ?"

"ಬಿಸಿಲು ನೋಡುತ್ತೆ."

ಇನ್ನೊಬ್ಬರ ಅಳತೆಗೆ ಕತ್ತರಿ ಹಾಕಿದವಳಲ್ಲ ಅವಳು. ಹದಿನಾರು ವರ್ಷದಿಂದ ಅದೊಂದು ನೇಮ. ಮರುದಿನ ನಾದಿನಿ ಮಗುವನ್ನು ಕರೆದುಕೊಂಡು ಹೋಗಿ ಎರಡು ಗಂಟೆಯಾದ ಮೇಲೆ, ಮಾವನೂ ಹೊರಗೆ ಹೋಗಿದ್ದರಿಂದ ಮನೆಗೆ ಬೀಗ ಹಾಕಿ ಹೊರಟಳು. ಯಾರಿಗೂ ಹೇಳಲಿಲ್ಲ. ಹೇಳಬಾರದೆಂದಲ್ಲ, ಹೇಳುವಂಥದ್ದೇನಿದೆ ಎಂದು.

ಮೂರನೆಯ ತರಗತಿಯಲ್ಲಿ ಟೀಚರ್ ಇರಲಿಲ್ಲ. ಯಾವುದೋ ಕಡತ ತರಲು ಆಫೀಸಿಗೆ ಹೋಗಿದ್ದರು. ಮೂವತ್ತು ಮಕ್ಕಳು ಏಕಕಾಲಕ್ಕೆ ಅವಳತ್ತ ತಿರುಗಿದವು. ಅವಳು ನಗುತ್ತ ಮೊದಲ ಕಿಟಕಿಗೆ ಟೇಪು ಹಿಡಿದಳು. ಕಣ್ಣು ಬೆಂಚುಗಳ ಸಾಲಿನಲ್ಲಿ ಮಗಳನ್ನು ಹುಡುಕುತ್ತಿತ್ತು. ಹೊರಗೆ ಕರೆದುಕೊಂಡು ಹೋಗಿರಬಹುದು, ಅಂದುಕೊಂಡಳು. ಗೋಡೆಯ ಮೇಲೆ ಪಟ್ಟಿ ಕಾಣಲಿಲ್ಲ.

"ಆಂಟಿ, ಏನ್ ಮಾಡ್ತಿದೀರಾ?" ಎಂದಳು ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ.

"ಪರದೆಗೆ ಅಳತೆ. ನಾನು ಗಿಲಕಿ ಅಮ್ಮ. ಅವಳು ಕೂರೋ ಜಾಗ ಯಾವುದು ಹೇಳಿ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೀಗೆ ಕೈ ಅಲ್ಲಾಡಿಸ್ತಾಳಲ್ಲ," ಎಂದು ಅವಳೇ ಟೇಪು ಹಿಡಿದ ಕೈಯನ್ನು ಕಿವಿಯ ಪಕ್ಕ ಅಲ್ಲಾಡಿಸಿ ತೋರಿಸಿದಳು.

"ಓ, ಅಡುಗೆಮನೆಯವಳು!" ಎಂದಳು ಜಡೆಯ ಹುಡುಗಿ. "ಅವಳು ನಮ್ಮ ಕ್ಲಾಸಲ್ಲ ಆಂಟಿ. ಮೊದಲು ನಾಲ್ಕು ದಿನ ಬಂದಿದ್ಲು. ನನ್ನ ಜಡೆ ಎಳೆದ್ಲು, ಇಲ್ಲಿ ಕಚ್ಚಿದ್ಲು. ನಮ್ಮಪ್ಪ ಬಂದು ಜೋರು ಜಗಳ ಆಡಿದ್ರು. ಆಮೇಲೆ ಬರೋದಿಲ್ಲ."

"ನಮಗೆ ಚಮಚ ಕೊಡ್ತಾಳೆ," ಎಂದಿತು ಹಿಂದಿನಿಂದ ಒಂದು ದನಿ.

ಬಾಗಿಲಲ್ಲಿ ಟೀಚರ್ ನಿಂತಿದ್ದರು. ಚಿಕ್ಕ ವಯಸ್ಸಿನವರು. ಕಡತವನ್ನು ಎದೆಗೆ ಅವುಚಿಕೊಂಡಿದ್ದರು.

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ," ಎಂದರು. "ಕ್ಲಾಸಿಂದ ಹೊರಗಿಟ್ಟು ನೋಡ್ಕೊಳ್ಳೋಕೆ ಒಪ್ಪಿಗೆ ಅಂತ ನಿಮ್ಮ ಯಜಮಾನ್ರು ಸಹಿ ಹಾಕಿದಾರಲ್ಲ."

"ಡೈರಿ?"

"ನಾನು ಬರೆದಿಲ್ಲ. ಆ ನಾಲ್ಕು ದಿನ ಏನು ಬರೀಬೇಕು ಅಂತ ಗೊತ್ತಾಗದೆ ಖಾಲಿ ಬಿಟ್ಟೆ. ಆಮೇಲೆ ಅದು ನನ್ನ ಹತ್ರ ಬರಲೇ ಇಲ್ಲ."

ಹೊಲಿಗೆಯವಳು ಉಳಿದ ಮೂರು ಕಿಟಕಿಗಳನ್ನೂ ಅಳೆದಳು. ಎರಡನೆಯದು ಮೊದಲಿನದಕ್ಕಿಂತ ಒಂದೂವರೆ ಇಂಚು ಉದ್ದವಿತ್ತು. ಎಲ್ಲವನ್ನೂ ಬರೆದುಕೊಂಡು, ಟೇಪನ್ನು ಬೆರಳಿಗೆ ಸುತ್ತುತ್ತ ಅಡುಗೆಮನೆಯ ಕಡೆ ನಡೆದಳು.

ಅಡುಗೆಮನೆಯ ಹಿಂದೆ ದಿನಸಿಯ ಉಗ್ರಾಣ. ಅಕ್ಕಿಯ ಚೀಲಗಳ ನಡುವೆ, ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಗಿಲಕಿ ಕೂತಿದ್ದಳು. ಮುಂದೆ ಚಮಚಗಳ ರಾಶಿ. ದೊಡ್ಡದು ಒಂದು ಕಡೆ, ಸಣ್ಣದು ಒಂದು ಕಡೆ, ಹಿಡಿ ಬಾಗಿದ್ದು ಇನ್ನೊಂದು ಕಡೆ. ಮುಖ ಪ್ರಸನ್ನವಾಗಿತ್ತು. ಅಮ್ಮನನ್ನು ನೋಡಿ ಏಳಲಿಲ್ಲ. ಎದುರಿನ ಗೋಡೆಯಲ್ಲಿ, ಸರಿಯಾಗಿ ಅವಳ ಕಣ್ಣಳತೆಗೆ, ಪಟ್ಟಿ ನೇತಾಡುತ್ತಿತ್ತು. ಬೆಂಚು, ಕಪ್ಪುಹಲಗೆ, ಪೆನ್ಸಿಲು ಇದ್ದ ಜೇಬುಗಳಲ್ಲಿ ಈಗ ಬೇರೆ ಚಿತ್ರಗಳಿದ್ದವು. ಚಮಚ, ಅಕ್ಕಿಚೀಲ, ಬಾಲ್ದಿ. ನಾದಿನಿಯೇ ಬಿಡಿಸಿದ್ದು, ಬಣ್ಣ ಕೂಡ ಹಾಕಿದ್ದಳು. ಅಂದವಾಗಿದ್ದವು.

ಪಾತ್ರೆ ತೊಳೆಯುತ್ತಿದ್ದ ನಾದಿನಿ ತಿರುಗಿದಳು. ಕೈಯಲ್ಲಿದ್ದ ಸೌಟು ತೊಟ್ಟಿಯೊಳಗೆ ಬಿತ್ತು. ಆ ಸದ್ದಿಗೆ ಗಿಲಕಿ ಕಿವಿ ಮುಚ್ಚಿಕೊಂಡಳು.

"ಅತ್ತಿಗೆ..."

"ಮಾವ ಮೂರೂವರೆಗೆ ಬರ್ತಾರಲ್ಲ, ಆಗಲೇ ಕಳಿಸು," ಎಂದಳು ಹೊಲಿಗೆಯವಳು. ಮಗಳನ್ನು ಆಗಲೇ ಎಳೆದುಕೊಂಡು ಬರಬಹುದಿತ್ತು. ಆದರೆ ಪಟ್ಟಿಯಲ್ಲಿ ಇನ್ನೂ ನಾಲ್ಕು ಜೇಬು ಖಾಲಿಯಾಗುವುದಿತ್ತು. ಅಮ್ಮನ ಸಿಟ್ಟಿಗೆ ಅದರಲ್ಲಿ ಜೇಬಿರಲಿಲ್ಲ.

ಆ ಸಂಜೆ ಅವಳು ಅಡುಗೆ ಮಾಡಲಿಲ್ಲ. ಗಿಲಕಿಗೆ ಮಾತ್ರ ಅನ್ನ, ಮೊಟ್ಟೆ ಬೇಯಿಸಿ ತಿನ್ನಿಸಿದಳು. ಗಂಡ ಶೆಡ್ಡಿನಿಂದ ಬಂದು ಖಾಲಿ ಒಲೆ ನೋಡಿ, ತಂಗಿಯ ಮುಖ ನೋಡಿ, ಕೈ ತೊಳೆಯದೆ ಕೂತ.

"ಯಾವತ್ತು ಸಹಿ ಹಾಕಿದ್ರಿ?"

"ಐದನೇ ದಿನ. ಕೇಳು, ದೊಡ್ಡ ಮೇಡಂ ಎರಡೇ ದಾರಿ ಅಂದ್ರು. ಮನೆಗೆ ಕರ್ಕೊಂಡು ಹೋಗಿ, ಇಲ್ಲ ಸಹಿ ಹಾಕಿ. ಇವಳು ಕೈಮುಗಿದು ಬೇಡಿಕೊಂಡಿದ್ದಕ್ಕೆ ಅಷ್ಟಾದ್ರೂ ಸಿಕ್ತು."

"ನನಗೆ ಹೇಳೋಕೆ ಬಾಯಿ ಹುಣ್ಣಾಗಿತ್ತಾ?"

"ಹೇಳೋಣ ಅಂತಲೇ ಬಂದೆ. ಅಷ್ಟರಲ್ಲಿ ನೀನು ಆ ಚಪ್ಪಾಳೆ ವಿಷಯ ಓದಿ..." ಅವನು ನಿಲ್ಲಿಸಿದ. "ಮಾರನೇ ದಿನ ನೀನು ಹಾಡಿಕೊಂಡು ಹೊಲೀತಿದ್ದೆ. ಐದು ವರ್ಷದಿಂದ ಈ ಮನೇಲಿ ಹಾಡು ಕೇಳಿರಲಿಲ್ಲ. ಹೇಗೆ ಹೇಳ್ಲಿ?"

"ಹಾಡು ಬೇಕಿದ್ರೆ ಒಂದು ರೇಡಿಯೋ ತರಬೇಕಿತ್ತು. ನನ್ನ ಮಗಳ ಜಾಗ ಕೊಟ್ಟು ನನ್ನ ಹಾಡು ಕೇಳ್ತಾರೇನ್ರೀ?"

ನಾದಿನಿ ಅಳುತ್ತಿದ್ದಳು. "ಮೊದಲ ದಿನ ಒಂದೇ ಒಂದು ಅಂತ ಬರೆದೆ ಅತ್ತಿಗೆ. ದಿನಾ ಖಾಲಿ ಡೈರಿ ನೋಡಿ ನೀನು ಮುಖ ಸಣ್ಣ ಮಾಡ್ಕೋತಿದ್ದೆ. ಬರೆದ ಮೇಲೆ ನಿಲ್ಲಿಸೋಕೆ ಆಗ್ಲಿಲ್ಲ. ನಾನೇನು ಅವಳನ್ನ ಬೀದಿಗೆ ಬಿಟ್ಟಿಲ್ಲ. ಈಗ ಇಪ್ಪತ್ತರವರೆಗೆ ಎಣಿಸ್ತಾಳೆ. ಬಾಗಿದ ಚಮಚ ಬೇರೆ ಇಡ್ತಾಳೆ. ಒಂದು ದಿನಾನೂ ತಲೆ ಬಡಿದುಕೊಂಡಿಲ್ಲ. ಅದನ್ನೆಲ್ಲ ಯಾರು ಕಲಿಸಿದ್ದು?"

"ಅದನ್ನೇ ಬರೀಬೇಕಿತ್ತು."

"ಬರೆದಿದ್ರೆ ನೀನು ಅವತ್ತೇ ಬಿಡಿಸ್ಕೊಂಡು ಬರ್ತಿದ್ದೆ!"

"ಬರ್ತಿದ್ದೆ. ಬಂದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ಅದನ್ನೂ ಬಾಯಿಬಿಟ್ಟು ಹೇಳು."

ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡಳೇ ಹೊರತು ಇಲ್ಲ ಎನ್ನಲಿಲ್ಲ.

"ಹೋಗ್ಲಿ, ಅದನ್ನೂ ನುಂಗ್ಕೋತಿದ್ದೆ," ಎಂದಳು ಹೊಲಿಗೆಯವಳು. ದನಿ ಇಳಿದಿತ್ತು. "ಕೇಂದ್ರದ ಕಾಗದ ಬಂದ ದಿನ ಇಲ್ಲೇ ಕೂತು ಎಲ್ಲರನ್ನೂ ಕೇಳಿದೆ. ಒಬ್ಬೊಬ್ಬರ ಹೆಸರು ಹಿಡಿದು ಕೇಳಿದೆ. ಎರಡು ವರ್ಷ ಕಾದ ಜಾಗ. ನಾನೇ ಕೈಯಾರೆ ಬೇಡ ಅಂತ ಬರೆದೆ. ನೀವು ಅದನ್ನ ಜೇಬಲ್ಲಿಟ್ಕೊಂಡು ಹೋಗಿ ಡಬ್ಬಕ್ಕೆ ಹಾಕಿ ಬಂದ್ರಿ. ದಾರೀಲಿ ಒಂದು ಸಲಾನಾದ್ರೂ ನಿಲ್ಲಬೇಕು ಅನ್ನಿಸ್ಲಿಲ್ವಾ?"

"ನಿಂತೆ," ಎಂದ ಗಂಡ. "ಎರಡು ಸಲ ನಿಂತೆ."

"ಆಮೇಲೆ?"

"ನೀನು ದಿನಾ ನಾಲ್ಕು ಬಸ್ಸು ಹತ್ತಿ ಇಳಿದು, ಇವಳೂ ಕೆಲಸ ಬಿಟ್ಟು ಮನೇಲಿ ಕೂತು... ಹೇಗೆ ನಡೆಯುತ್ತೆ ಅಂತ ಗೊತ್ತಾಗ್ಲಿಲ್ಲ."

ಅವಳು ಮಾವನ ಕಡೆ ತಿರುಗಿದಳು. ಈ ಮನೆಯಲ್ಲಿ ತನ್ನ ಪಕ್ಕಕ್ಕೆ ಒಬ್ಬರಾದರೂ ಇದ್ದಾರೆಂಬ ಧೈರ್ಯ ಆ ತಿರುಗುವಿಕೆಯಲ್ಲಿತ್ತು. "ನೋಡಿದ್ರಾ ಮಾವ, ನಿಮ್ಮ ಮಕ್ಕಳನ್ನ?"

ಮಾವ ಊರುಗೋಲಿನ ತುದಿಯಿಂದ ನೆಲದ ಬಿರುಕೊಂದನ್ನು ಕೆದಕುತ್ತಿದ್ದರು.

"ನಾನು ದಿನಾ ಅವಳನ್ನ ಕರ್ಕೊಂಡು ಬರೋದು ಅಡುಗೆಮನೆ ಬಾಗಿಲಿಂದಲೇ ತಾಯಿ," ಎಂದರು.

ಹೊಲಿಗೆಯವಳು ಕೂತಳು. ಹೊರಗೆ ಯಾರೋ ಗಿರಾಕಿ ಬಂದು ಬಾಗಿಲು ತಟ್ಟಿದರು. ಒಳಗಿನ ಕೋಣೆಯಿಂದ ಗಿಲಕಿ, "ಶುಕ್ರವಾರ ಖಂಡಿತ ಕೊಡ್ತೀನಿ" ಎಂದು ಕೂಗಿದಳು. ಯಾರೂ ನಗಲಿಲ್ಲ.

ಮರುದಿನ ಅವಳು ಎರಡು ಬಸ್ಸು ಹತ್ತಿ ಪೇಟೆಯ ಕೇಂದ್ರಕ್ಕೆ ಹೋದಳು. ಅಲ್ಲಿನ ಹೆಂಗಸು ಒಳ್ಳೆಯವಳು, ಕೂರಿಸಿ ನೀರು ಕೊಟ್ಟಳು. ಜಾಗ ತುಂಬಿ ಹತ್ತು ದಿನವಾಗಿತ್ತು. "ನಿಮ್ಮ ಕಾಗದವನ್ನ ಇಲ್ಲಿ ಎಲ್ಲರಿಗೂ ಓದಿ ಹೇಳಿದ್ವಿ," ಎಂದಳು ಆ ಹೆಂಗಸು. "ಹಾಗೆ ಯಾರೂ ಬರೆಯಲ್ಲ." ಹೆಸರನ್ನು ಮತ್ತೆ ಪಟ್ಟಿಯ ಕೊನೆಗೆ ಬರೆಸಿ ಬಂದಳು.

ಆಮೇಲಿನ ದಿನಗಳಲ್ಲಿ ಮನೆಯ ಕೆಲಸಗಳೇನೂ ನಿಲ್ಲಲಿಲ್ಲ. ಅನ್ನ ಬೆಂದಿತು, ಬಟ್ಟೆ ಒಣಗಿತು. ನಾಲ್ಕು ಪರದೆಗಳು ನಾಲ್ಕು ಅಳತೆಯಲ್ಲಿ ಹೊಲಿಗೆಯಾಗಿ ಶಾಲೆಗೆ ಹೋದವು. ಗಂಡನ ಅಂಗಿಯ ತೂತುಗಳು ಮಾತ್ರ ಹಾಗೇ ಉಳಿದವು. ಅವನು ಅಂಗಿಯನ್ನು ಯಂತ್ರದ ಮೇಲಿಟ್ಟು ಹೋದರೆ ಸಂಜೆ ಅದು ಅಲ್ಲೇ ಇರುತ್ತಿತ್ತು, ಬಟನ್ನು ಹಾಕಿ ಮಡಿಸಿ. ಸಂಜೆ ನಾಲ್ಕಕ್ಕೆ ಅವಳು ಬಾಗಿಲಿಗೆ ಹೋಗುವುದನ್ನು ಬಿಟ್ಟಳು. ಡೈರಿಯನ್ನು ಒಮ್ಮೆ ತೆಗೆದು ಓದಿದಳು. ಕಿಟಕಿಯಲ್ಲಿ ಮಳೆ ನೋಡಿ, ಕರೆದಾಗ ತಾನಾಗಿ ಬಂದು ಕೂತ ಆ ಹುಡುಗಿ ಎಲ್ಲೂ ಇರಲಿಲ್ಲ. ಆದರೂ ಅವಳು ಎರಡು ತಿಂಗಳು ಆ ಹುಡುಗಿಯ ತಾಯಿಯಾಗಿದ್ದಳು.

"ನಾನೇ ದೊಡ್ಡ ಮೇಡಂ ಹತ್ರ ಹೋಗಿ ಮಾತಾಡ್ಲಾ?" ಎಂದ ಗಂಡ ಒಂದು ಬೆಳಿಗ್ಗೆ.

"ಬೇಡ. ನೀವು ಹೋದ್ರೆ ಇನ್ನೇನಕ್ಕೆ ಸಹಿ ಹಾಕಿ ಬರ್ತೀರೋ."

ಅವಳೇ ಹೋದಳು. ಮಗು ಶಾಲೆಯ ಹಾಜರಿಯಲ್ಲಿ ಇರುವುದು ಮೂರನೆಯ ತರಗತಿಯಲ್ಲೋ ಉಗ್ರಾಣದಲ್ಲೋ ಎಂದು ಕೇಳಿದಳು. ಬರೆದುಕೊಡಿ ಎಂದಳು. ದೊಡ್ಡ ಮೇಡಂ ಪೆನ್ನು ಎತ್ತಿದರು, ಇಟ್ಟರು, ಕೊನೆಗೆ ರಾಜಿಗೆ ಇಳಿದರು. ದಿನಕ್ಕೆ ಹತ್ತು ನಿಮಿಷ, ಮೊದಲ ಪಾಠದಲ್ಲಿ, ಬಾಗಿಲ ಪಕ್ಕದ ಬೆಂಚು. ಹತ್ತು ದಿನ ನೋಡೋಣ. ಯಾವ ಮಗುವಿಗಾದರೂ ತೊಂದರೆಯಾದರೆ ಅಂದೇ ಕೊನೆ.

"ಜೊತೆಗೆ ಯಾರು ಕೂರ್ತೀರಿ?"

"ನಾನು," ಎಂದಳು ಹೊಲಿಗೆಯವಳು. "ಬೇರೆ ಯಾರೂ ಅಲ್ಲ."

ಮೊದಲ ದಿನ ಗಿಲಕಿ ಬೆಂಚಿನ ಹತ್ತಿರಕ್ಕೂ ಬರಲಿಲ್ಲ. ಶಾಲೆಯ ಗೇಟಿನೊಳಗೆ ಅಮ್ಮನೆಂಬುದೇ ಅವಳ ಲೆಕ್ಕಕ್ಕೆ ಹೊಂದದ ಸಂಗತಿ. ಅಮ್ಮನ ಜಾಗ ಯಂತ್ರದ ಮುಂದೆ. ಕೈ ಕೊಸರಿಕೊಂಡು, ಕಾರಿಡಾರಿನ ಗೋಡೆಗೆ ಭುಜ ತಿಕ್ಕುತ್ತ ಅಡುಗೆಮನೆಗೆ ಓಡಿ, ಪಾತ್ರೆ ತೊಳೆಯುತ್ತಿದ್ದ ಅತ್ತೆಯ ಸೆರಗಿನ ತುದಿ ಹಿಡಿದು ನಿಂತಳು. ಎರಡನೆಯ ದಿನ ಅಮ್ಮ ಹೊಸ ಚಿತ್ರ ಬರೆದು ತಂದಳು: ಬೆಂಚು, ಅದರ ಮೇಲೆ ಇಬ್ಬರು. ಗಿಲಕಿ ಚಿತ್ರ ನೋಡಿದಳು, ಬೆಂಚು ನೋಡಿದಳು, ಅಮ್ಮನ ಮೊಣಕೈಗೆ ಕಚ್ಚಿ ಓಡಿದಳು. ಮೂರನೆಯ ದಿನ ನೆಲದ ಮೇಲೆ ಬಿದ್ದು ಚೀರಿದ ಚೀರಿಗೆ ಪಕ್ಕದ ಕೋಣೆಯ ಪಾಠವೂ ನಿಂತಿತು. ಜಡೆಯ ಹುಡುಗಿ ತನ್ನ ಜಡೆಗಳನ್ನು ಹಿಂದಕ್ಕೆ ಎಳೆದುಕೊಂಡು ಕೂತಳು. ದೊಡ್ಡ ಮೇಡಂ ಕಾರಿಡಾರಿನ ಆ ತುದಿಯಲ್ಲಿ ಬಂದು ನಿಂತು, ಗಡಿಯಾರ ನೋಡಿ ಹೋದರು.

ನಾಲ್ಕನೆಯ ದಿನ ಹೊಲಿಗೆಯವಳು ಮಗಳನ್ನು ತರಗತಿಗೆ ಕರೆದುಕೊಂಡು ಹೋಗಲಿಲ್ಲ. ನೇರ ಅಡುಗೆಮನೆಗೆ ಹೋದಳು. ಹದಿನೈದು ದಿನದಿಂದ ನಾದಿನಿಯ ಜೊತೆ ಅವಳು ಒಂದು ಮಾತೂ ಆಡಿರಲಿಲ್ಲ. ಉಪ್ಪು ಬೇಕಾದರೆ ಎದ್ದು ತಾನೇ ತೆಗೆದುಕೊಳ್ಳುತ್ತಿದ್ದಳು.

"ಕೈ ತೊಳ್ಕೋ," ಎಂದಳು.

ನಾದಿನಿ ಬೆಚ್ಚಿ ನೋಡಿದಳು.

"ಬಾ. ಬೆಂಚಲ್ಲಿ ನೀನೇ ಕೂರು ಅವಳ ಜೊತೆ. ನನ್ನ ಜೊತೆ ಕೂರಲ್ಲ ಅವಳು."

ನಾದಿನಿ ಕೈ ತೊಳೆದು, ಒರೆಸಿಕೊಳ್ಳಲು ಏನೂ ಸಿಗದೆ ಹಾಗೇ ಒದ್ದೆ ಕೈಯಲ್ಲಿ ಬಂದಳು. ಮೂವರೂ ಕಾರಿಡಾರಿನಲ್ಲಿ ನಡೆದರು. ಗಿಲಕಿ ಅತ್ತೆಯ ಸೆರಗಿನ ತುದಿ ಹಿಡಿದಿದ್ದಳು. ಅಮ್ಮ ಎರಡು ಹೆಜ್ಜೆ ಹಿಂದೆ. ಬಾಗಿಲ ಹತ್ತಿರ ನಾದಿನಿ ನಿಂತಳು.

"ಅತ್ತಿಗೆ, ನನ್ನ ಮೇಲೆ ಮತ್ತೆ ನಂಬಿಕೆ ಬಂತಾ?"

"ಇಲ್ಲ."

"ಮತ್ತೆ?"

"ನಾನು ಇಲ್ಲೇ ನಿಂತಿರ್ತೀನಿ. ದಿನಾ ನಿಂತಿರ್ತೀನಿ. ಒಳಗೆ ಹೋಗು."

ನಾದಿನಿ ತಲೆ ತಗ್ಗಿಸಿ ಒಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. ಗಿಲಕಿ ಸ್ವಲ್ಪ ಹೊತ್ತು ನಿಂತೇ ಇದ್ದು, ಬೆಂಚಿನ ಹಲಗೆಯನ್ನು ಮೂಸಿ ನೋಡಿ, ಅತ್ತೆಗೆ ಒತ್ತಿಕೊಂಡು ಕೂತಳು. ಎರಡು ಕೈಗಳೂ ಕಿವಿಯ ಪಕ್ಕ ಅಲ್ಲಾಡುತ್ತಿದ್ದವು. ಟೀಚರ್ ದನಿ ತಗ್ಗಿಸಿ ಪಾಠ ಮುಂದುವರಿಸಿದರು. ಮಧ್ಯೆ ಒಮ್ಮೆ ಖಾಲಿ ಕುರ್ಚಿಯನ್ನು ತೋರಿಸಿ, ಕೂತ್ಕೊಳ್ಳಿ ಎಂದು ಬಾಗಿಲಿನವಳಿಗೆ ಸನ್ನೆ ಮಾಡಿದರು.

ಅವಳು ಬೇಡವೆಂದು ತಲೆಯಾಡಿಸಿದಳು. ಚೌಕಟ್ಟಿಗೂ ಒರಗಲಿಲ್ಲ. ಮಗಳ ಬೆನ್ನನ್ನೂ, ಅದರ ಪಕ್ಕದ ಒದ್ದೆ ಕೈಯ ಆ ಇನ್ನೊಂದು ಬೆನ್ನನ್ನೂ ನೋಡುತ್ತ, ರೆಪ್ಪೆ ಬಡಿಯಲೂ ಜಿಪುಣತನ ಮಾಡುತ್ತ, ನಿಂತೇ ಇದ್ದಳು.